ಹೊಸ ಐಡಿಯಾ ಫಲ ಕೊಟ್ಟಿತೋ ಇಲ್ಲವೋ: ಸಣ್ಣ ವ್ಯಾಪಾರದಲ್ಲಿ ಲೆಕ್ಕ ನೋಡುವ ಬಗೆ

ಉಡುಪಿಯಲ್ಲಿ ನಮ್ಮದೊಂದು ಹೋಮ್ ಪ್ರಾಡಕ್ಟ್ಸ್ ಅಂಗಡಿ ಇದೆ. ಚಕ್ಕುಲಿ, ಖಾರಕಡ್ಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಅಂಗಡಿಯ ಹಿಂದೆಯೇ ಅಡುಗೆಕೋಣೆ. ನಾಲ್ಕು ಜನ ಅಕ್ಕಂದಿರು ಕೆಲಸಕ್ಕೆ ಬರುತ್ತಾರೆ. ಕಾಪುವಿನಲ್ಲಿ ಇನ್ನೊಂದು ಚಿಕ್ಕ ಅಂಗಡಿ.

ಕೆಲವು ವರ್ಷದ ಹಿಂದೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಗಾಲದಲ್ಲಿ, ನಾವು ಬೇಯಿಸಿದ ಪತ್ರೊಡೆಯನ್ನು ಪ್ಯಾಕೆಟ್ ಮಾಡಿ ಇಟ್ಟೆವು. ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಹಚ್ಚಿ, ಸುತ್ತಿ ಬೇಯಿಸುವ ತಿಂಡಿ ಅದು. ಕೊಂಡವರು ಮನೆಗೆ ಹೋಗಿ ಒಗ್ಗರಣೆ ಹಾಕಿದರೆ ಆಯ್ತು. ಸಂಜೆ ಆರು ಗಂಟೆಯೊಳಗೆ ಎಲ್ಲ ಖಾಲಿಯಾಗುತ್ತಿತ್ತು. ಮೂರು ವಾರ ಇದನ್ನು ನೋಡಿ ದೊಡ್ಡ ಫ್ರಿಜ್ ತಂದೆವು. ಲೇಬಲ್ ಐದು ಸಾವಿರ ಪ್ರಿಂಟ್ ಮಾಡಿಸಿದೆವು. ಅಕ್ಟೋಬರ್ ಬರುವಾಗ ಒಳ್ಳೆಯ ಕೆಸುವಿನ ಎಲೆ ಸಿಗಲಿಲ್ಲ. ಸಿಕ್ಕಿದ್ದು ಬಲಿತ ಎಲೆ, ಬಾಯಿ ತುರಿಸುವಂಥದ್ದು. ಕೇಳುವವರೂ ಕಡಿಮೆಯಾದರು. ಡಿಸೆಂಬರಿನಲ್ಲಿ ಫ್ರಿಜ್ಜಿನ ಅರ್ಧ ಜಾಗ ಖಾಲಿ ಇತ್ತು, ಸಾಲದ ಕಂತು ಮಾತ್ರ ನಡೆಯುತ್ತಲೇ ಇತ್ತು.

ಐಡಿಯಾ ಕೆಟ್ಟದ್ದಾಗಿರಲಿಲ್ಲ. ನಾವು ಅದನ್ನು ಅಳೆದ ರೀತಿ ತಪ್ಪಾಗಿತ್ತು. ಆಟಿಯಲ್ಲಿ ಪತ್ರೊಡೆ ಯಾರು ಮಾಡಿದರೂ ಹೋಗುತ್ತದೆ, ಅಲ್ವಾ? ನಾವು ಅಳೆದದ್ದು ಆಟಿಯನ್ನು, ನಮ್ಮ ಪ್ಯಾಕೆಟನ್ನಲ್ಲ.

ಅಂದಿನಿಂದ ಯಾವ ಹೊಸತು ಶುರು ಮಾಡಿದರೂ ನಾನು ಒಂದು ಕ್ರಮ ಹಿಡಿದಿದ್ದೇನೆ. ಹೋಟೆಲ್, ಬೇಕರಿ, ಟೈಲರಿಂಗ್, ಗ್ಯಾರೇಜ್, ಮೀನಿನ ವ್ಯಾಪಾರ, ಯಾವುದಕ್ಕಾದರೂ ಇದು ಹೊಂದುತ್ತದೆ. ದೊಡ್ಡ ಸಾಫ್ಟ್‌ವೇರ್ ಬೇಡ. ಇನ್ನೂರು ಪುಟದ ಒಂದು ಪುಸ್ತಕ ಸಾಕು.

ಮೊದಲ ಹೆಜ್ಜೆ: ಶುರು ಮಾಡುವ ಮುಂಚೆಯೇ ಒಂದು ಪುಟ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಐಡಿಯಾದ ಮೌಲ್ಯಮಾಪನ ಕೊನೆಯಲ್ಲಿ ಮಾಡುವ ಕೆಲಸ ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಶುರುವಾಗುವುದು ಮೊದಲ ದಿನಕ್ಕಿಂತ ಮುಂಚೆ.

ಆ ಪುಟದಲ್ಲಿ ನಾಲ್ಕು ವಿಷಯ ಇರಬೇಕು. ಇದರಿಂದ ಏನು ಬದಲಾಗುತ್ತದೆ ಅಂತ ನನ್ನ ಎಣಿಕೆ? ಅದನ್ನು ತೋರಿಸುವ ಅಂಕಿ ಯಾವುದು? ಅದು ಈಗ ಎಷ್ಟಿದೆ, ಯಾವ ತಾರೀಕಿನೊಳಗೆ ಎಷ್ಟಾಗಬೇಕು? ಎಷ್ಟಕ್ಕಿಂತ ಕೆಳಗಿದ್ದರೆ ನಿಲ್ಲಿಸುತ್ತೇನೆ?

ನನ್ನ ಪುಸ್ತಕದ ಒಂದು ಪುಟ ಹೀಗಿದೆ: "ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಮನೆಗೆ ಮುಟ್ಟಿಸುವುದು. ಈಗ ಅಂಗಡಿಗೆ ಬರದವರು ಕೊಳ್ಳುತ್ತಾರೆ ಅಂತ ಎಣಿಕೆ. ನೋಡುವ ಅಂಕಿ: ವಾರಕ್ಕೆ ಎಷ್ಟು ಹೊಸ ಮನೆ. ಎಂಟು ವಾರದ ಕೊನೆಗೆ ವಾರಕ್ಕೆ 15 ಹೊಸ ಮನೆ ಬೇಕು. 6ಕ್ಕಿಂತ ಕಡಿಮೆಯಾದರೆ ನಿಲ್ಲಿಸುವುದು." ಕೆಳಗೆ ತಾರೀಕು, ಸಹಿ.

ಸಹಿ ಯಾಕೆ ಅಂದರೆ, ಶುರುವಾದ ಮೇಲೆ ಮನಸ್ಸು ಮೊದಲಿನ ಹಾಗೆ ಇರುವುದಿಲ್ಲ. ಹೊಸ ಮನೆ ಬರದಿದ್ದರೆ "ಇರಲಿ, ಹಳೆಯ ಗಿರಾಕಿಗಳಿಗೆ ಅನುಕೂಲ ಆಯ್ತಲ್ಲ" ಅನ್ನಿಸುತ್ತದೆ. ಅದೂ ಒಳ್ಳೆಯದೇ. ಆದರೆ ನೀವು ಹಣ ಹಾಕಿದ್ದು ಅದಕ್ಕಲ್ಲ. ಗೋಡೆಗೆ ಕಲ್ಲು ಬಿದ್ದ ಮೇಲೆ ಅದರ ಸುತ್ತ ಗುರಿ ಗೀಚಿದರೆ ಎಲ್ಲ ಕಲ್ಲೂ ಗುರಿಗೇ ತಾಗಿದಂತೆ ಕಾಣುತ್ತದೆ. ಪುಟದ ಒಂದು ಫೋಟೋ ತೆಗೆದು ಮನೆಯಲ್ಲಿ ಒಬ್ಬರಿಗೆ ಕಳಿಸಿಡಿ. ನಾನು ತಂಗಿಗೆ ಕಳಿಸುತ್ತೇನೆ. ಅವಳು ಮರೆಯುವವಳಲ್ಲ.

ಹಳೆಯ ಲೆಕ್ಕ ಕೈಯಲ್ಲಿರಲಿ

"ಈಗ ಎಷ್ಟಿದೆ" ಅಂತ ಬರೆಯಲು ಹೋದಾಗಲೇ ಹೆಚ್ಚಿನವರು ನಿಲ್ಲುತ್ತಾರೆ. ಅಂದಾಜು ಇರುತ್ತದೆ, ಲೆಕ್ಕ ಇರುವುದಿಲ್ಲ. ಹಾಗಿದ್ದರೆ ಐಡಿಯಾವನ್ನು ಒಂದು ತಿಂಗಳು ಮುಂದೂಡಿ. ಆ ತಿಂಗಳು ಸುಮ್ನೆ ಬರೆಯುತ್ತಾ ಹೋಗಿ: ದಿನಕ್ಕೆ ಎಷ್ಟು ಬಿಲ್, ಯಾವ ಮಾಲು ಎಷ್ಟು ಹೋಯಿತು, ಎಷ್ಟು ಉಳಿಯಿತು.

ದಿನಾ ಬರೆಯುವ ಅಭ್ಯಾಸ ಕಷ್ಟ, ನಿಜ. ನಾನು ಅದನ್ನು ಪಿಗ್ಮಿಯವರು, ಅಂದರೆ ದಿನಾ ಸಣ್ಣ ಉಳಿತಾಯದ ಹಣ ತೆಗೆದುಕೊಳ್ಳಲು ಬರುವ ಏಜೆಂಟರು, ಬರುವ ಹೊತ್ತಿಗೆ ಕಟ್ಟಿಕೊಂಡಿದ್ದೇನೆ. ಅವರು ಅಂಗಡಿ ಮೆಟ್ಟಿಲು ಹತ್ತಿದರೆ ನನ್ನ ಪುಸ್ತಕ ಹೊರಗೆ ಬರುತ್ತದೆ. ಅವರ ಲೆಕ್ಕ ಆಗುವಷ್ಟರಲ್ಲಿ ನನ್ನದೂ ಆಗುತ್ತದೆ.

ಯಾವುದರ ಜೊತೆ ಹೋಲಿಸುತ್ತೀರಿ?

ನಾವು ಎಡವಿದ್ದು ಇಲ್ಲಿ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕರಾವಳಿಯಲ್ಲಿ ಒಂದು ತಿಂಗಳ ಹಾಗೆ ಇನ್ನೊಂದು ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಮೀನುಗಾರಿಕಾ ಬಂದರಿನ ಕಡೆ ಕೈಯಲ್ಲಿ ಹಣ ಓಡಾಡುವುದು ಕಡಿಮೆಯಾಗುತ್ತದೆ. ಆಟಿಯಲ್ಲಿ ಮದುವೆ ಇಲ್ಲ. ಮೇ ಕೊನೆಯ ಪತ್ತನಾಜೆ ಅನ್ನುವ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ, ರಾತ್ರಿ ಆಟದ ಹತ್ತಿರ ಚರುಮುರಿ ಮಾರುವವರ ವ್ಯಾಪಾರವೂ ಅಲ್ಲಿಗೆ ಮುಗಿಯುತ್ತದೆ. ರಜೆ ಬಂದರೆ ಮಣಿಪಾಲದ ವಿದ್ಯಾರ್ಥಿಗಳು ಊರಿಗೆ ಹೋಗುತ್ತಾರೆ. ಮುಂಬೈ, ದುಬೈಯಲ್ಲಿರುವವರು ಅದೇ ರಜೆಯಲ್ಲಿ ಊರಿಗೆ ಬರುತ್ತಾರೆ.

ಹಾಗಾದರೆ ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಸರಿಯಾಯ್ತಾ? ಬಹಳಷ್ಟು ಸಲ ಹೌದು. ಆದರೆ ಉಡುಪಿಯಲ್ಲಿ ಅದೂ ಕೈಕೊಡುತ್ತದೆ. ಕೃಷ್ಣಮಠದ ಪರ್ಯಾಯ, ಅಂದರೆ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ, ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಜನವರಿ 18ಕ್ಕೆ. 2026ರ ಜನವರಿಯ ವ್ಯಾಪಾರವನ್ನು 2025ರ ಜನವರಿಗೆ ಹೋಲಿಸಿದರೆ ನೀವು ಪರ್ಯಾಯದ ಜನಜಂಗುಳಿಯನ್ನು ನಿಮ್ಮ ಐಡಿಯಾದ ಲೆಕ್ಕಕ್ಕೆ ಹಾಕಿದಂತೆ. ಅದನ್ನು 2024ಕ್ಕೆ ಹೋಲಿಸಬೇಕು. ಕೃಷ್ಣಾಷ್ಟಮಿಯೂ ಹಾಗೆಯೇ. ಇಲ್ಲಿ ಸೌರಮಾನದ ಲೆಕ್ಕವಾದ್ದರಿಂದ ಕೆಲವು ವರ್ಷ ಆಗಸ್ಟಿನಲ್ಲಿ, ಕೆಲವು ವರ್ಷ ಸೆಪ್ಟೆಂಬರಿನಲ್ಲಿ ಬರುತ್ತದೆ. ಚಕ್ಕುಲಿ, ಉಂಡೆ ಮಾಡುವ ನಮ್ಮಂಥವರಿಗೆ ಆ ಒಂದು ವಾರ ಯಾವ ತಿಂಗಳಿಗೆ ಬಿತ್ತು ಅನ್ನುವುದೇ ಇಡೀ ತಿಂಗಳ ಲೆಕ್ಕವನ್ನು ತಿರುಗಿಸುತ್ತದೆ.

ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿದೆ. ಅದೇ ಹೊತ್ತಿನಲ್ಲಿ, ಹೊಸತನ್ನು ಮಾಡದ ಇನ್ನೊಂದು ಜಾಗದ ಜೊತೆ ಹೋಲಿಸುವುದು. ನಮ್ಮ ನೆರೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1990ರ ದಶಕದ ಕೊನೆಗೆ ಉತ್ತರ ಕೇರಳದ ಮೀನುಗಾರರ ಕೈಗೆ ಮೊಬೈಲ್ ಬಂತು. ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ. ಮೊದಲು ಕೋಝಿಕ್ಕೋಡು, ಆಮೇಲೆ ಕಣ್ಣೂರು, ಕೊನೆಗೆ ನಮ್ಮ ಪಕ್ಕದ ಕಾಸರಗೋಡು. ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಆ ವರ್ಷಗಳಲ್ಲಿ ಬೂತಾಯಿ ಮೀನಿನ ದರವನ್ನು ದಡದಿಂದ ದಡಕ್ಕೆ ವಾರವಾರ ಬರೆಸಿಟ್ಟಿದ್ದರು. ಮೊಬೈಲ್ ಬಂದ ಕಡೆ ಏನಾಯಿತು, ಅದೇ ವಾರ ಇನ್ನೂ ಬರದ ಕಡೆ ಏನಾಯಿತು ಅಂತ ಪಕ್ಕಪಕ್ಕ ಇಟ್ಟು ನೋಡಿದರು. ಮೊಬೈಲ್ ಬಂದ ಕಡೆ ದಡದಿಂದ ದಡಕ್ಕೆ ದರದ ಅಂತರ ಕುಗ್ಗಿತು, ಮಾರಲಾಗದೆ ಎಸೆಯುವ ಮೀನು ಇಲ್ಲವೆನ್ನುವಷ್ಟಾಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8 ಏರಿತು, ಕೊಳ್ಳುವವರಿಗೆ ದರ ಶೇಕಡಾ 4 ಇಳಿಯಿತು. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮಳೆ, ಹಬ್ಬ, ಡೀಸೆಲ್ ದರ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ಮೊಬೈಲ್ ಒಂದೇ. ಅದಕ್ಕೇ ಆ ಮಾತಿಗೆ ಬಲ ಬಂತು.

ನಾವೂ ಇದನ್ನೇ ಮಾಡಬಹುದು. ಉಡುಪಿಯ ಅಂಗಡಿಯಲ್ಲಿ ಹೊಸ ಪ್ಯಾಕಿಂಗ್ ಶುರು ಮಾಡಿ, ಕಾಪುವಿನಲ್ಲಿ ಹಳೆಯದನ್ನೇ ಬಿಡುತ್ತೇವೆ. ಉಡುಪಿಯಲ್ಲಿ ವಾರಕ್ಕೆ 100 ಹೋಗುತ್ತಿದ್ದದ್ದು 130 ಆಯ್ತು ಅಂತಿಟ್ಟುಕೊಳ್ಳಿ. ಖುಷಿಯ ಸುದ್ದಿ. ಆದರೆ ಏನೂ ಬದಲಿಸದ ಕಾಪುವಿನಲ್ಲೂ 60 ಇದ್ದದ್ದು 72 ಆಗಿದೆ. ಅಂದರೆ ಸುಮ್ಮನಿದ್ದರೂ ಶೇಕಡಾ 20 ಏರುವ ಕಾಲ ಅದು. ಉಡುಪಿಯಲ್ಲಿ 120 ತಾನಾಗಿಯೇ ಆಗುತ್ತಿತ್ತು. ಹೊಸ ಪ್ಯಾಕಿಂಗಿನ ಪಾಲು 10 ಮಾತ್ರ, 30 ಅಲ್ಲ.

ಒಂದೇ ಅಂಗಡಿ ಇದ್ದರೆ? ಒಂದು ವಾರ ಹೊಸತು, ಒಂದು ವಾರ ಹಳತು ಅಂತ ಎಂಟು ವಾರ ಅದಲು ಬದಲು ಮಾಡಿ. ಅದೂ ಆಗದಿದ್ದರೆ ನೀವು ಮುಟ್ಟದೇ ಇರುವ ಒಂದು ಮಾಲನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ನನಗೆ ಅದು ಮಾವಿನ ಮಿಡಿ ಉಪ್ಪಿನಕಾಯಿ. ವರ್ಷವಿಡೀ ಒಂದೇ ಹದದಲ್ಲಿ ಹೋಗುತ್ತದೆ. ಅದೂ ಏರಿದ್ದರೆ ಜನ ಜಾಸ್ತಿ ಬಂದಿದ್ದಾರೆ ಅಂತ ಅರ್ಥ, ನನ್ನ ಐಡಿಯಾ ಕೆಲಸ ಮಾಡಿತು ಅಂತಲ್ಲ.

ಎಷ್ಟು ಏರಿದರೆ ಏರಿಕೆ?

ಹೋದ ವಾರ 5, ಈ ವಾರ 8. "ಶೇಕಡಾ 60 ಏರಿಕೆ" ಅಂತ ಹೇಳಲು ಚೆನ್ನಾಗಿದೆ. ನಿಜದಲ್ಲಿ ಒಂದು ಮನೆಗೆ ನೆಂಟರು ಬಂದಿರಬಹುದು, ಅಷ್ಟೇ.

ಇದಕ್ಕೊಂದು ಸುಲಭದ ಲೆಕ್ಕ ಇದೆ. ನಿಮ್ಮ ವಾರದ ಸರಾಸರಿಯ ವರ್ಗಮೂಲ ತೆಗೆಯಿರಿ, ಅದನ್ನು ಎರಡರಿಂದ ಗುಣಿಸಿ. ಅಷ್ಟು ಹೆಚ್ಚು ಕಡಿಮೆ ಕಾರಣವಿಲ್ಲದೆಯೇ ಆಗುತ್ತಿರುತ್ತದೆ. ವಾರಕ್ಕೆ ಸರಾಸರಿ 25 ಹೋಗುವ ಮಾಲಾದರೆ ವರ್ಗಮೂಲ 5, ಎರಡು ಪಟ್ಟು 10. ಹಾಗಾಗಿ 15ರಿಂದ 35ರೊಳಗೆ ಏನಾದರೂ ಅದು ಸುದ್ದಿಯಲ್ಲ. 100 ಹೋಗುವುದಾದರೆ 80ರಿಂದ 120. 400 ಆದರೆ 360ರಿಂದ 440. ಮಾಲು ಕಡಿಮೆ ಹೋದಷ್ಟೂ ಏರಿಳಿತ ನಂಬಲು ಕಷ್ಟ. ಹಾಗಾಗಿ ಸಣ್ಣ ಅಂಗಡಿಯವರು ಒಂದೆರಡು ವಾರದ ಅಂಕಿ ನೋಡಿ ಕುಣಿಯುವುದೂ ಬೇಡ, ಕುಗ್ಗುವುದೂ ಬೇಡ. ಎಂಟು ವಾರವನ್ನು ಒಟ್ಟು ಸೇರಿಸಿ ನೋಡಿ. ಜೋರು ಮಳೆ, ಬಂದ್, ಕರೆಂಟ್ ಹೋದ ದಿನಗಳಿಂದ ಏರಿಳಿತ ಇದಕ್ಕಿಂತ ದೊಡ್ಡದೂ ಆಗಬಹುದು. ಅಂಥ ದಿನದ ಎದುರು ಪುಸ್ತಕದಲ್ಲಿ ಒಂದು ಗುರುತು ಹಾಕಿಡಿ.

ಮೊದಲ ಎರಡು ವಾರವನ್ನು ನಾನು ಬೇರೆಯೇ ಇಡುತ್ತೇನೆ. ಆಗ ಕೊಳ್ಳುವವರಲ್ಲಿ ನೆಂಟರು, ಪಕ್ಕದ ಅಂಗಡಿಯವರು, ಹೊಸತು ಏನು ಅಂತ ನೋಡುವ ಕುತೂಹಲದವರು ಜಾಸ್ತಿ. ಅವರ ಪ್ರೀತಿಗೆ ನಮಸ್ಕಾರ. ಲೆಕ್ಕಕ್ಕೆ ಮಾತ್ರ ಅವರು ಬೇಡ.

ಗಲ್ಲಾಪೆಟ್ಟಿಗೆ ತುಂಬಿತು, ಉಳಿದದ್ದೆಷ್ಟು?

ಪತ್ರೊಡೆಯ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಅರ್ಥವಾಗಲಿ ಅಂತ ಅಂಕಿಗಳನ್ನು ಸರಳ ಮಾಡಿದ್ದೇನೆ.

ಒಂದು ಪ್ಯಾಕೆಟ್ 60 ರೂಪಾಯಿ. ಅಕ್ಕಿ, ಎಲೆ, ತೆಂಗಿನಕಾಯಿ, ಬೆಲ್ಲ, ಹುಳಿ, ಗ್ಯಾಸ್, ಪ್ಯಾಕಿಂಗ್ ಎಲ್ಲ ಸೇರಿ ಅಸಲು 34. ಉಳಿಯುವುದು 26. ಬೇಡಿಕೆ ಇಳಿಯತೊಡಗಿದ ಮೇಲಿನ ಒಂದು ದಿನ ನೂರು ಮಾಡಿದೆವು, 88 ಹೋಯಿತು. 88ನ್ನು 26ರಿಂದ ಗುಣಿಸಿದರೆ 2,288 ರೂಪಾಯಿ ಲಾಭ ಅಂತ ಮನಸ್ಸು ಹೇಳುತ್ತದೆ.

ಉಳಿದ 12 ಪ್ಯಾಕೆಟ್‌ಗೂ ಅಸಲು ಹೋಗಿದೆ. ಅದು ಎರಡು ದಿನಕ್ಕಿಂತ ಜಾಸ್ತಿ ಇಡುವ ಮಾಲಲ್ಲ. ಹಾಗಾಗಿ ಬಂದದ್ದು 5,280, ಹೋದದ್ದು 3,400, ಉಳಿದದ್ದು 1,880.

ಇನ್ನು ಆ 88 ಜನರಲ್ಲಿ ಸುಮಾರು 30 ಜನ ನಮ್ಮಲ್ಲೇ ಬೇರೆ ತಿಂಡಿ ಕೊಳ್ಳುತ್ತಿದ್ದವರು. ಅಂದು ಅದನ್ನು ಬಿಟ್ಟು ಪತ್ರೊಡೆ ಕೊಂಡರು. ಆ ತಿಂಡಿಯಲ್ಲಿ ಪ್ಯಾಕೆಟ್‌ಗೆ 15 ರೂಪಾಯಿ ಉಳಿಯುತ್ತಿತ್ತು. ಅಲ್ಲಿಗೆ 450 ಹೋಯಿತು. ಇದನ್ನು ತಿಳಿಯುವುದು ಹೇಗೆ ಅಂದರೆ, ಹೊಸ ಮಾಲು ಇರುವ ಬಿಲ್ಲುಗಳನ್ನು ಬೇರೆ ತೆಗೆದು, ಪರಿಚಯದ ಗಿರಾಕಿಗಳ ಮಾಮೂಲಿ ಮಾಲು ಅದರಲ್ಲಿ ಇದೆಯೋ ಇಲ್ಲವೋ ನೋಡಿ.

ಕೊನೆಯದನ್ನು ನಾನು ಕಂಡದ್ದಲ್ಲ. ನಮ್ಮ ಅಡುಗೆಕೋಣೆಯ ಹಿರಿಯ ಅಕ್ಕ ಹೇಳಿದ್ದು. "ಪತ್ರೊಡೆ ಸುತ್ತುವ ದಿನ ಚಕ್ಕುಲಿ ಒತ್ತಲು ಕೈ ಇರುವುದಿಲ್ಲ, ನಿನ್ನೆ ಹತ್ತು ಕೇಜಿ ಆರ್ಡರ್ ಬಿಟ್ಟಿರಿ" ಅಂದರು. ಕೇಜಿಗೆ 60 ರೂಪಾಯಿ ಉಳಿಯುವ ಚಕ್ಕುಲಿ. 600 ರೂಪಾಯಿ. ಕೈಗಳು ಎಂಟೇ ಇರುವ ಕಡೆ ಹೊಸ ಕೆಲಸ ಯಾವಾಗಲೂ ಹಳೆಯ ಯಾವುದೋ ಕೆಲಸದ ಜಾಗದಲ್ಲಿ ಕೂರುತ್ತದೆ. ಅದರ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ.

1,880ರಲ್ಲಿ 450 ಮತ್ತು 600 ಕಳೆದರೆ 830. ಮನಸ್ಸು ಹೇಳಿದ್ದು 2,288. ಇದರಲ್ಲಿ ಫ್ರಿಜ್ಜಿನ ಕಂತು, ಅದರ ಕರೆಂಟ್ ಬಿಲ್ ಇನ್ನೂ ಸೇರಿಲ್ಲ. ನಿಮ್ಮ ಸಮಯವೂ ಸೇರಿಲ್ಲ. ಯಜಮಾನರು ತಮ್ಮ ಸಮಯಕ್ಕೆ ಬೆಲೆ ಹಾಕುವುದೇ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಲೆ ತರಲು ಹೋಗುವುದು ಕೂಲಿ ಅಲ್ವಾ? ಅದೇ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಬರೆಯಿರಿ.

ಸಾಗಾಟ ಇರುವ ಐಡಿಯಾಗಳಲ್ಲಿ ಪೆಟ್ರೋಲ್ ಜೊತೆ ಖಾಲಿ ಬರುವ ದಾರಿಯನ್ನೂ ಸೇರಿಸಿ. ಅಷ್ಟು ಸಾಕು.

ಲೈನಿಗೆ ಹೋದ ಮಾಲು ಮಾರಾಟವಲ್ಲ

ಅಂಗಡಿ ಅಂಗಡಿಗೆ ಹಾಕುವ ಲೈನ್ ಸೇಲ್ ನಿಮ್ಮದಾದರೆ ಇದನ್ನು ದಯವಿಟ್ಟು ಗಮನಿಸಿ. ಕುಂದಾಪುರದಿಂದ ಸುರತ್ಕಲ್‌ವರೆಗೆ 40 ಅಂಗಡಿಗೆ ಹತ್ತು ಹತ್ತು ಪ್ಯಾಕೆಟ್ ಹಾಕಿ ಬಂದರೆ 400 ಹೋಯಿತು ಅಂತ ಪುಸ್ತಕ ಹೇಳುತ್ತದೆ. ಅದು ಅಂಗಡಿಯವರು ಕೊಟ್ಟ ಜಾಗ, ಗಿರಾಕಿ ಕೊಟ್ಟ ಹಣ ಅಲ್ಲ. ಎರಡನೇ ಸಲ ಹೋದಾಗ ಶೆಲ್ಫಿನಲ್ಲಿ ಎಷ್ಟಿದೆ ಎಣಿಸಿ. ವಾಪಸ್ ಬಂದದ್ದನ್ನು ಕಳೆಯಿರಿ. ಉದ್ರಿ ಬಾಕಿಯನ್ನು ಬೇರೆ ಬರೆಯಿರಿ. ಮೂರನೇ ಸುತ್ತಿಗೆ ಅಂಗಡಿಯವರೇ "ಇನ್ನು ಹತ್ತು ಕೊಡಿ" ಅಂದರೆ ಅದು ನಿಜವಾದ ಸುದ್ದಿ.

ನಾನು ಎಲ್ಲಕ್ಕಿಂತ ಜಾಸ್ತಿ ನಂಬುವ ಅಂಕಿ ಇದೇ: ಎರಡನೇ ಸಲ, ಮೂರನೇ ಸಲ ಕೊಂಡವರು ಎಷ್ಟು. ನಮ್ಮ ಊರಿನ ಪಿಗ್ಮಿಯನ್ನೇ ನೋಡಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಅದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದರು. ಒಂದು ದಿನದ ಎರಡಾಣೆಯಿಂದ ಅಲ್ಲಿಯವರೆಗೆ ನಡೆದ ಶ್ರಮವೂ ಹುಟ್ಟುವುದಿಲ್ಲ. ಅದೇ ಮನೆಯವರು ನಾಳೆಯೂ, ನಾಡಿದ್ದೂ ಕೊಟ್ಟರೆ ಮಾತ್ರ ಅದಕ್ಕೆ ಅರ್ಥ. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿದರೂ ಪಿಗ್ಮಿ ಅನ್ನುವ ಹೆಸರು ನಮ್ಮ ಪೇಟೆಗಳಲ್ಲಿ ಉಳಿದಿದೆ.

ಎಣಿಸುವುದು ಸುಲಭ. ಹೊಸ ಮಾಲು ಕೊಂಡವರ ಹೆಸರೋ ಮನೆಯ ಗುರುತೋ ಒಂದು ಪುಟದಲ್ಲಿ, ಎದುರಿಗೆ ಗೆರೆ. ಮತ್ತೆ ಬಂದರೆ ಇನ್ನೊಂದು ಗೆರೆ. ತಿಂಗಳ ಕೊನೆಗೆ ಒಂದೇ ಗೆರೆಯವರು ಎಷ್ಟು, ಮೂರು ಗೆರೆಯವರು ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ವಾಟ್ಸಾಪ್ ಸ್ಟೇಟಸ್ ನೋಡಿದವರು, ಇನ್‌ಸ್ಟಾಗ್ರಾಮಿನಲ್ಲಿ ಲೈಕ್ ಒತ್ತಿದವರು ಈ ಪುಟಕ್ಕೆ ಬರುವುದಿಲ್ಲ.

ಕೇಳುವುದಕ್ಕೂ ಒಂದು ರೀತಿ ಇದೆ

"ಹೇಗಿತ್ತು?" ಅಂತ ಕೇಳಬೇಡಿ. ನಮ್ಮ ಊರಿನವರು ಮುಖದೆದುರು ಬೇಸರದ ಮಾತು ಆಡುವುದಿಲ್ಲ. ಕುಂದಾಪುರದವರಾದರೆ "ಲಾಯ್ಕಿತ್" ಅನ್ನುತ್ತಾರೆ, ತುಳುವಿನವರು "ಎಡ್ಡೆ ಉಂಡು" ಅನ್ನುತ್ತಾರೆ. ಎರಡಕ್ಕೂ ಚೆನ್ನಾಗಿದೆ ಅಂತಲೇ ಅರ್ಥ, ಎರಡರಿಂದಲೂ ನಿಮಗೆ ಏನೂ ಗೊತ್ತಾಗುವುದಿಲ್ಲ.

ಆಗಿಹೋದದ್ದನ್ನು ಕೇಳಿ. "ಆವತ್ತು ಕೊಂಡದ್ದು ಯಾವಾಗ ಮುಗಿಯಿತು? ಮನೆಯಲ್ಲಿ ಯಾರು ತಿಂದರು? ಮೊದಲು ಇದರ ಬದಲು ಏನು ತರುತ್ತಿದ್ರಿ?" ಒಬ್ಬರು ಅಮ್ಮ ನನಗೆ ಹೇಳಿದರು, ಪ್ಯಾಕೆಟ್ ಫ್ರಿಜ್ಜಿನಲ್ಲೇ ಇದೆ, ಒಗ್ಗರಣೆ ಹಾಕಲು ಪುರುಸೊತ್ತಾಗಲಿಲ್ಲ ಅಂತ. ಆ ಒಂದು ಮಾತು ನನಗೆ ಇಪ್ಪತ್ತು ಹೊಗಳಿಕೆಗಿಂತ ಜಾಸ್ತಿ ಕಲಿಸಿತು. ಒಮ್ಮೆ ಕೊಂಡು ಮತ್ತೆ ಬಾರದ ಐದು ಜನರನ್ನಾದರೂ ಹುಡುಕಿ ಮಾತಾಡಿ. ಕೆಲಸದವರನ್ನೂ ಕೇಳಿ, ಮೊದಲೇ ಕೇಳಿ. ಅವರ ಬೆನ್ನು, ಸೊಂಟ ನೋಯಿಸಿ ಬರುವ ಲಾಭವನ್ನು ನಾನು ಲಾಭ ಅಂತ ಬರೆಯುವುದಿಲ್ಲ.

ತೀರ್ಮಾನದ ದಿನ

ಪುಟದಲ್ಲಿ ಬರೆದ ತಾರೀಕಿಗೇ ಕೂತುಕೊಳ್ಳಿ. ಮೊದಲು ಪುಟ ಓದಿ, ಆಮೇಲೆ ಅಂಕಿ ನೋಡಿ. ಮೇಲಿನ ಗುರಿ ದಾಟಿದ್ದರೆ ಮುಂದುವರಿಸಿ. ಆದರೆ ಒಂದೇ ಸಲ ಹತ್ತು ಪಟ್ಟು ಮಾಡಬೇಡಿ. ಎರಡು ಪಟ್ಟು ಮಾಡಿ ಮತ್ತೆ ಅಳೆಯಿರಿ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ನಿಲ್ಲಿಸಿ. "ಇಷ್ಟು ಖರ್ಚು ಮಾಡಿಯಾಗಿದೆಯಲ್ಲ" ಅನ್ನುವ ಮಾತು ಆ ದಿನ ಬಂದೇ ಬರುತ್ತದೆ. ಖರ್ಚಾದದ್ದು ಮುಂದುವರಿಸಿದರೂ ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಇವತ್ತಿನಿಂದ ಹಾಕುವ ರೂಪಾಯಿಗೆ ಎಷ್ಟು ಬರುತ್ತದೆ ಅನ್ನುವುದೊಂದೇ ಪ್ರಶ್ನೆ.

ನಡುವೆ ಇದ್ದರೆ ಕಷ್ಟ. ಆಗ ಒಂದೇ ಒಂದನ್ನು ಬದಲಿಸಿ ಇನ್ನೂ ಎಂಟು ವಾರ ಕೊಡಿ. ದರ, ಪ್ಯಾಕಿಂಗ್, ಸಮಯ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಎರಡನೇ ಅವಧಿ ಕೊಟ್ಟ ಮೇಲೆ ಮೂರನೆಯದು ಬೇಡ.

ನಿಲ್ಲಿಸಿದ ಐಡಿಯಾದ ಪುಟವನ್ನು ಹರಿಯಬೇಡಿ. ಯಾಕೆ ನಿಂತಿತು ಅಂತ ಒಂದೆರಡು ಸಾಲು ಬರೆದಿಡಿ, ಆ ಕಾಲದ ಸ್ಥಿತಿಯ ಜೊತೆ. ನನ್ನ ಪತ್ರೊಡೆ ಪುಟದಲ್ಲಿ ಹೀಗಿದೆ: "ಅಕ್ಟೋಬರ್ ಬಂದರೆ ಒಳ್ಳೆಯ ಎಲೆ ಇಲ್ಲ. ಚಕ್ಕುಲಿಗೆ ಕೈ ಸಾಲದು. ಒಗ್ಗರಣೆಗೆ ಪುರುಸೊತ್ತಿಲ್ಲ." ಎರಡು ವರ್ಷ ಬಿಟ್ಟು ಅದೇ ಪುಟ ತೆರೆದು, ಜುಲೈ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ, ವಾರಕ್ಕೆ ಎರಡೇ ದಿನ, ಮುಂಗಡ ಆರ್ಡರ್ ಇದ್ದಷ್ಟೇ, ಒಗ್ಗರಣೆ ಹಾಕಿಯೇ ಕೊಡುವುದು ಅಂತ ಹೊಸ ಪುಟ ಬರೆದೆವು. ಈಗ ಅದರಲ್ಲಿ ಒಂದು ಪ್ಯಾಕೆಟ್ಟೂ ಉಳಿಯುವುದಿಲ್ಲ. ಫ್ರಿಜ್ಜಿನ ಅಗತ್ಯವೇ ಬರಲಿಲ್ಲ. ಅದರಲ್ಲಿ ಈಗ ತೆಂಗಿನ ತುರಿ ಇಡುತ್ತೇವೆ.